ಫ್ಲೈಯರ್‌ನಲ್ಲಿ ಮಾತ್ರ ಹಾಡಿದ ಗಾಯಕಿ

ಕಳೆದ ತಿಂಗಳು ನಾನೊಂದು ಸುಳ್ಳನ್ನು ಪ್ರಿಂಟ್ ಮಾಡಿಸಿದೆ. ಬಣ್ಣದಲ್ಲಿ. ಮೇಲೆ ನಮ್ಮ ಕನ್ನಡ ಬಳಗದ ಲೋಗೋ ಬೇರೆ.

ಸುಳ್ಳೆಂದು ಆಗ ಗೊತ್ತಿರಲಿಲ್ಲ. (ಗೊತ್ತಿಲ್ಲದೆ ಹೇಳಿದ್ದು ಸುಳ್ಳಲ್ಲ, ತಪ್ಪು ಅಷ್ಟೇ ಎಂದು ನನ್ನ ಗಂಡ ಸಮಾಧಾನ ಮಾಡಿದರು. ಸರಿ, ಗೊತ್ತಿಲ್ಲದೆ ಹೇಳಿದ್ದು ತಪ್ಪು. ಕೇಳದೆ ಹೇಳಿದ್ದು?)

ವಿಷಯ ಇಷ್ಟು. ಡಾಲಸ್ ಸುತ್ತಮುತ್ತಲಿನ ನಾವೊಂದಷ್ಟು ಕನ್ನಡದ ಮನೆಯವರು ಸೇರಿ ವರ್ಷಕ್ಕೊಮ್ಮೆ ಊರಿನಿಂದ ಕಲಾವಿದರನ್ನು ಕರೆಸುತ್ತೇವೆ. ಈ ಸಲ ಬಂದವರು ಸುಗುಣಾ. (ನಿಜವಾದ ಹೆಸರು ಇದಲ್ಲ. ಬರೆಯಲು ಅವರ ಒಪ್ಪಿಗೆ ಇದೆ, ಹೆಸರಿಗೆ ಇಲ್ಲ. "ಹೆಸರು ಬಿಟ್ಟು ಬರಿ, ಆಗ ನಿಜ ಬರೀತೀಯ" ಅಂದಿದ್ದಾರೆ.) ಒಂದು ಶನಿವಾರ ಆಸ್ಟಿನ್, ಮರುದಿನ ಹ್ಯೂಸ್ಟನ್, ಅದರ ಮುಂದಿನ ಶನಿವಾರ ಡಾಲಸ್. ಮೂರು ಊರು, ಮೂರು ಶೋ. ಬಳಗದಲ್ಲಿ ಪ್ರಚಾರದ ಕೆಲಸ ನನ್ನದು. ಅವರು ಇಳಿದುಕೊಳ್ಳುವುದು ಫ್ಲವರ್ ಮೌಂಡ್‌ನ ನಮ್ಮ ಮನೆಯಲ್ಲಿ, ಓಡಾಡುವುದು ನನ್ನ ಕಾರಿನಲ್ಲಿ. ಆಫೀಸಿಗೆ ವಾರವಿಡೀ ರಜಾ ಹಾಕಿ ಕಾಯುತ್ತಿದ್ದೆ.

ಫ್ಲೈಯರ್ ಮಾಡಲು ಕೂತವಳು ಎಲ್ಲ ಹಾಕಿದೆ. ಫೋಟೋ, ಜಾಗ, ಸಮಯ, ಊಟ ಉಂಟು ಎಂಬ ಮುಖ್ಯ ಸೂಚನೆ. ಆದರೂ ಏನೋ ಸಪ್ಪೆ. ಕೊನೆಗೆ ಕೆಳಗೆ ದಪ್ಪ ಅಕ್ಷರದಲ್ಲಿ ಹೊಡೆದೆ: 'ಬಸ್ ಸ್ಟಾಂಡ್ ಹಾಡು, ಲೈವ್!'

ಬಸ್ ಸ್ಟಾಂಡ್ ಹಾಡು ಯಾವುದು ಅಂತೀರಾ? ತೊಂಬತ್ತರ ದಶಕದಲ್ಲಿ ಸುಗುಣಾ ಒಂದು ಸಿನಿಮಾಕ್ಕೆ ಹಾಡಿದ್ದು. ನಾಯಕಿ ಕಲ್ಲು ಬೆಂಚಿನ ಮೇಲೆ ಕೂತು ಬಾರದ ಬಸ್ಸಿಗೆ ಕಾಯುವ ದೃಶ್ಯ. ಸಿನಿಮಾ ಎರಡೇ ವಾರ ಓಡಿತು. ನಾಯಕಿ ಮದುವೆಯಾಗಿ ಮಾಯವಾದರು. ಹಾಡು ಮಾತ್ರ ಮನೆ ಮನೆಯಲ್ಲಿ ಉಳಿಯಿತು. ಮೊದಲ ಸಾಲು ಹೇಳಿ ಕರೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಬಸ್ ಸ್ಟಾಂಡ್ ಹಾಡು ಅಂದರೆ ಸಾಕಿತ್ತು.

ಆಗ ನಾನು ಮೈಸೂರಿನಲ್ಲಿ ಎಂ.ಎಸ್ಸಿ ಓದುತ್ತಿದ್ದೆ. ಹಾಸ್ಟೆಲ್‌ನ ನಮ್ಮ ಮಹಡಿಗೆಲ್ಲ ಒಂದೇ ಟೇಪ್ ರೆಕಾರ್ಡರ್. ಆ ಹಾಡಿನ ಚರಣದ ಕೊನೆಯಲ್ಲಿ ದನಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಇನ್ನು ಏರಲಾರದು ಅನ್ನುವಾಗ ಇನ್ನೊಂದು ಮೆಟ್ಟಿಲು ಏರಿಬಿಡುತ್ತದೆ. ಅಲ್ಲಿ ನಾವೆಲ್ಲ ಉಸಿರು ಹಿಡಿಯುತ್ತಿದ್ದೆವು. ಇಸ್ತ್ರಿ ಮಾಡುತ್ತಿದ್ದವಳು ಪೆಟ್ಟಿಗೆ ಎತ್ತಿ ಹಿಡಿದು ನಿಂತುಬಿಡುತ್ತಿದ್ದಳು. (ಒಂದು ಸಲ ಎತ್ತಲು ಮರೆತಳು. ಸುಟ್ಟದ್ದು ನನ್ನ ವೇಲ್. ಅವಳನ್ನು ಬೈಯಲೂ ಮನಸ್ಸಾಗಲಿಲ್ಲ.)

ಈಗಿನ ಸುಗುಣಾ ಬೇರೆ. ಟಿವಿಯಲ್ಲಿ ಮಕ್ಕಳ ಹಾಡಿನ ಸ್ಪರ್ಧೆಗೆ ಜಡ್ಜ್. ಸೀರಿಯಲ್‌ನಲ್ಲಿ ಹರಿತ ನಾಲಿಗೆಯ ಸೋದರತ್ತೆ. ವೇದಿಕೆಯ ಮೇಲೆ ಒಬ್ಬರೇ ನಿಂತು ಎರಡು ಗಂಟೆ ನಗಿಸುವ ಮಾತುಗಾರ್ತಿ. ನಾವು ಕರೆಸಿದ್ದು ಆ ಮಾತಿನ ಶೋವನ್ನೇ. ಆದರೂ ನನ್ನ ಲೆಕ್ಕ ಸರಳವಾಗಿತ್ತು. ಹಾಡಿದವರು ಕರೆದರೆ ಹಾಡುತ್ತಾರೆ. ಅದರಲ್ಲಿ ಕೇಳುವುದೇನಿದೆ?

ವಿಮಾನ ನಿಲ್ದಾಣದಲ್ಲಿ ಸಿಕ್ಕವರು ಹತ್ತಿ ಸೀರೆ, ಬಿಳಿ ಸ್ಪೋರ್ಟ್ಸ್ ಶೂ ತೊಟ್ಟ ಸಣ್ಣ ಆಕೃತಿಯ ಹೆಂಗಸು. ವಯಸ್ಸು ಅರವತ್ತರ ಹತ್ತಿರ. ದನಿ ಮಾತ್ರ ತಗ್ಗಿನದು, ಒಂಚೂರು ಒಡಕು. ದೂರದ ಪ್ರಯಾಣ, ಎಸಿ ಗಾಳಿ ಎಂದುಕೊಂಡೆ.

"ಶೀತ ಆಗಿದ್ಯಾ ಮೇಡಂ? ಮನೆಗೆ ಹೋದ ತಕ್ಷಣ ಶುಂಠಿ ಕಷಾಯ ಮಾಡಿಕೊಡ್ತೀನಿ."

"ಶೀತ ಇಲ್ಲ, ನನ್ನ ದನಿನೇ ಹಿಂಗೆ. ಕಷಾಯ ಬೇಡ, ಕಾಫಿ ಕೊಡಿ."

ಹೆಡ್ಡಿ ನಾನು. ಆಗಲೂ ತಲೆಗೆ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಆಸ್ಟಿನ್‌ಗೆ ಹೊರಟೆವು. ದಾರಿಯುದ್ದಕ್ಕೂ ಅವರು ಪಕ್ಕದ ಲೇನಿನ ಡ್ರೈವರ್‌ಗಳ ಮುಖ ನೋಡುತ್ತ, ಇವನಿಗೆ ಹೆಂಡತಿ ಜೊತೆ ಜಗಳ, ಇವಳು ಕಾರಿನಲ್ಲಿ ಒಬ್ಬಳೇ ಇದ್ದಾಗ ಜೋರಾಗಿ ಹಾಡುವವಳು, ಎಂದು ಕತೆ ಕಟ್ಟುತ್ತಿದ್ದರು. ನಕ್ಕು ನಕ್ಕು ಒಂದು ಎಕ್ಸಿಟ್ ತಪ್ಪಿಸಿಕೊಂಡೆ.

ಆಸ್ಟಿನ್‌ನ ಹಾಲ್ ತುಂಬಿತ್ತು. ಸುಗುಣಾ ಮೈಕ್ ಹಿಡಿದರು ನೋಡಿ, ಒಂದೂವರೆ ಗಂಟೆ ಜನ ಕುರ್ಚಿಯಲ್ಲಿ ಸರಿಯಾಗಿ ಕೂರಲೇ ಇಲ್ಲ. ಸೀರಿಯಲ್ ಸೆಟ್ಟಿನಲ್ಲಿ ಒಂದೇ ತಟ್ಟೆ ಉಪ್ಪಿಟ್ಟನ್ನು ಮೂರು ದಿನದ ಶೂಟಿಂಗ್‌ಗೆ ಬಳಸಿದ್ದು, ಆ ಉಪ್ಪಿಟ್ಟು ತಿನ್ನುತ್ತ 'ಏನು ರುಚಿ ಸೊಸೆ ಕೈ ಅಡುಗೆ' ಎಂದು ಕಣ್ಣೀರು ಹಾಕಬೇಕಾಗಿ ಬಂದದ್ದು. "ಆ ಕಣ್ಣೀರು ಗ್ಲಿಸರಿನ್ನಿಂದಲ್ಲಪ್ಪಾ, ಉಪ್ಪಿಟ್ಟಿಂದು!"

ಆಗ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. "ಮೇಡಂ, ಬಸ್ ಸ್ಟಾಂಡ್ ಹಾಡು!"

ಇನ್ನಿಬ್ಬರು ದನಿ ಸೇರಿಸಿದರು. ಸುಗುಣಾ ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡಿದರು.

"ಆ ಬಸ್ಸು ಹೋಗಿ ಯಾವ ಕಾಲ ಆಯ್ತು! ನೀವಿನ್ನೂ ಅಲ್ಲೇ ಕಾಯ್ತಿದ್ದೀರಾ?"

ಹಾಲ್ ಚಪ್ಪಾಳೆಯಲ್ಲಿ ಮುಳುಗಿತು. ಅವರು ಸಲೀಸಾಗಿ ಮುಂದಿನ ಮಾತಿಗೆ ಹೋದರು. ನಾನೂ ನಕ್ಕೆ. ನಗುತ್ತಲೇ ನನ್ನ ದಪ್ಪ ಅಕ್ಷರಗಳು ನೆನಪಾದವು. ಇವರು ಹಾಡುವುದಿಲ್ಲವೇ?

ಮರುದಿನ ಆಸ್ಟಿನ್‌ನಿಂದ ಹ್ಯೂಸ್ಟನ್ ಕಡೆಗೆ. ರಸ್ತೆಯ ಎರಡೂ ಬದಿ ನೀಲಿ ಹೂ ಚೆಲ್ಲಿಕೊಂಡಿತ್ತು. ಬ್ಲೂಬಾನೆಟ್ ಎಂದೆ. ಅದರ ಸಸ್ಯಶಾಸ್ತ್ರದ ಹೆಸರನ್ನೂ ಹೇಳಿದೆ, ಅಭ್ಯಾಸಬಲ.

"ನೀವು ಸಾಫ್ಟ್‌ವೇರ್ ಅಂದ್ರಲ್ಲ?"

"ಈಗ ಸಾಫ್ಟ್‌ವೇರ್ ಟೆಸ್ಟಿಂಗ್. ಓದಿದ್ದು ಬಾಟನಿ."

"ಪಾರ್ಟಿಯಲ್ಲಿ ಯಾರಾದ್ರೂ ಎಲೆ ತಂದುಕೊಟ್ಟು, ಇದು ಯಾವ ಗಿಡ ಹೇಳಿ ಮೇಡಂ, ಒಂದೇ ಒಂದು ಗಿಡ, ಅಂತ ಗೋಳು ಹುಯ್ಕೊಳ್ತಾರಾ?"

ಇಲ್ಲ ಎಂದೆ. ಅವರು ಕಿಟಕಿಯಾಚೆ ನೋಡುತ್ತ, "ಪುಣ್ಯವಂತೆ" ಅಂದರು.

ಧೈರ್ಯ ಮಾಡಿ ಕೇಳಿದೆ. "ಮೇಡಂ, ನಿನ್ನೆ ಅಷ್ಟು ಕೇಳಿದ್ರೂ ಯಾಕೆ ಹಾಡ್ಲಿಲ್ಲ?"

ಅವರು ಹೇಳಿದ್ದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ.

ತುಮಕೂರಿನವರು. ಅಪ್ಪ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಮಗಳ ಶ್ರುತಿ ತಪ್ಪಿದರೆ ಊಟದ ನಡುವೆ ಎಂಜಲು ಕೈಯಲ್ಲೇ ತಾಳ ಹಾಕಿ ತಿದ್ದುತ್ತಿದ್ದರು. ಹದಿನೈದಕ್ಕೆ ಸುಗುಣಾ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಹಾಡಲು ಹತ್ತಿದರು. ಹಾಡಿನ ಮಧ್ಯೆ ಕರೆಂಟ್ ಹೋಗುವುದು ಮಾಮೂಲು. ಜನ ಎದ್ದು ಹೋಗದಂತೆ ಕತ್ತಲಲ್ಲಿ ಮೈಕ್ ಇಲ್ಲದೆ ಏನಾದರೂ ಮಾತಾಡುತ್ತ ನಿಲ್ಲಬೇಕು. "ನಗಿಸೋದು ನಾನು ಕಲಿತದ್ದು ಅಲ್ಲಿ. ಹಾಡಿಗೆ ಗುರು ಅಪ್ಪ, ಮಾತಿಗೆ ಗುರು ಕರೆಂಟ್ ಆಫೀಸು."

ಆಮೇಲೆ ಬೆಂಗಳೂರು. ಸಿನಿಮಾದವರಿಗೆ ಟ್ರ್ಯಾಕ್ ಹಾಡುವ ಕೆಲಸ. ಅಂದರೆ ಇವರು ಮೊದಲು ಹಾಡಿಡಬೇಕು, ದೊಡ್ಡ ಗಾಯಕಿ ಬಂದು ಅದನ್ನು ಕೇಳಿ ತಾವು ಹಾಡುತ್ತಾರೆ, ಇವರ ದನಿಯನ್ನು ಅಳಿಸುತ್ತಾರೆ. ಬಸ್ ಸ್ಟಾಂಡ್ ಹಾಡೂ ಹಾಗೇ ಅಳಿಸಲೆಂದೇ ಹಾಡಿದ್ದು. ದೊಡ್ಡ ಗಾಯಕಿ ಆ ವಾರ ಬರಲಾಗಲಿಲ್ಲ, ನಿರ್ಮಾಪಕರಿಗೆ ತಾಳ್ಮೆ ಇರಲಿಲ್ಲ. ಟ್ರ್ಯಾಕೇ ಸಿನಿಮಾಕ್ಕೆ ಹೋಯಿತು. ಸುಗುಣಾ ರಾತ್ರಿ ಬೆಳಗಾಗುವುದರಲ್ಲಿ ಹೆಸರಾದರು. ಸಿನಿಮಾ, ಕ್ಯಾಸೆಟ್, ಊರೂರಿನ ಕಚೇರಿ. ಹತ್ತು ಹನ್ನೆರಡು ವರ್ಷ ಪುರುಸೊತ್ತಿಲ್ಲ.

ನಂತರ ಕುತ್ತಿಗೆಯಲ್ಲಿ ಒಂದು ಗಂಟು. ಥೈರಾಯ್ಡ್. ಆಪರೇಷನ್ ಆಯಿತು, ಜೀವ ಉಳಿಯಿತು. ಆದರೆ ದನಿಯ ನರವೊಂದು ಸೋತುಹೋಯಿತು. ಹಾಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಯಾರದೂ ತಪ್ಪಲ್ಲ. ಮಾತು ವಾಪಸ್ ಬಂತು. ಮೇಲಿನ ಸ್ವರಗಳು ಬರಲಿಲ್ಲ.

"ಎರಡು ವರ್ಷ ರೇಡಿಯೋ ಹಾಕ್ಲಿಲ್ಲ ನಾನು. ಒಂದಿನ ಆಟೋದಲ್ಲಿ ನನ್ನ ಹಾಡೇ ಬಂತು. ಆಫ್ ಮಾಡಪ್ಪಾ ಅಂದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, ನಿಮಗೆ ಸಂಗೀತ ಇಷ್ಟ ಇಲ್ವಾ ಮೇಡಂ, ಕೇಳಿ, ಎಷ್ಟು ಚೆನ್ನಾಗಿ ಹಾಡಿದ್ದಾಳೆ ಅಂದ."

"ನೀವೇನು ಹೇಳಿದ್ರಿ?"

"ಹೌದಪ್ಪಾ, ಚೆನ್ನಾಗಿ ಹಾಡಿದ್ದಾಳೆ ಅಂದೆ. ಇನ್ನೇನು ಹೇಳ್ಲಿ?"

ಮಕ್ಕಳ ಸ್ಪರ್ಧೆಗೆ ಜಡ್ಜ್ ಆಗಿ ಎಂದು ಟಿವಿಯವರು ಕರೆದಾಗ ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ಜಡ್ಜ್ ಹಾಡಬೇಕಾಗಿಲ್ಲ. ಅಲ್ಲೊಂದು ಪುಟ್ಟ ಹುಡುಗಿ ಹಾಡಿನ ಸಾಲು ಮರೆತು ಅಳುತ್ತ ನಿಂತಾಗ ಇವರು ಎದ್ದು ಹೋಗಿ, ಕರೆಂಟ್ ಹೋದ ಹಾಗೆಂದುಕೊಂಡು ಮಾತಾಡತೊಡಗಿದರು. ಹುಡುಗಿ ನಕ್ಕಳು. ಕ್ಯಾಮೆರಾದವರು ನಕ್ಕರು. ಅದನ್ನು ನೋಡಿದ ಸೀರಿಯಲ್ ನಿರ್ದೇಶಕರು ಮೂರು ದಿನದ ಪಾತ್ರವೊಂದಕ್ಕೆ ಕರೆದರು. ಆ ಸೋದರತ್ತೆ ಮೂರು ದಿನಕ್ಕೆ ಹೋಗಲಿಲ್ಲ, ಆರು ವರ್ಷ ಕೂತಳು. ಆಮೇಲೆ ಸ್ಟೇಜು.

"ಇದನ್ನ ಜನಕ್ಕೆ ಹೇಳಿಬಿಡಬಹುದಲ್ವಾ ಮೇಡಂ? ಆಗ ಹಾಡು ಅಂತ ಯಾರೂ ಪೀಡಿಸಲ್ಲ."

"ಹೇಳಿದ್ರೆ ಅಯ್ಯೋ ಪಾಪ ಅಂತಾರೆ. ಅಯ್ಯೋ ಪಾಪ ಅಂದವರು ಮತ್ತೆ ನಗಲ್ಲ ರೇಖಾ. ನನಗೆ ನಗೋ ಜನ ಬೇಕು."

ಫ್ಲೈಯರ್ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇತ್ತೇ? ಇರಲಿಲ್ಲ. ಹೇಳಿದೆನೇ? ಇಲ್ಲ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ಹೂ ನೋಡಿದೆ.

ಹ್ಯೂಸ್ಟನ್‌ನವರು ಮಧ್ಯಾಹ್ನದ ಊಟ ಇಟ್ಟಿದ್ದು ಊರಾಚೆಯ ಫುಲ್‌ಶೀರ್‌ನಲ್ಲಿ, ದೇಸಾಯಿ ಅಂಕಲ್ ಮನೆಯಲ್ಲಿ. ಹುಬ್ಬಳ್ಳಿ ಕಡೆಯವರು, ಆಪರೇಷನ್‌ಗೆ ಅರಿವಳಿಕೆ ಕೊಡುವ ಡಾಕ್ಟರ್ ಆಗಿದ್ದು ಈಗ ನಿವೃತ್ತರು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಊಟದ ನಡುವೆ ಸಂಜೆಯ ನಿರೂಪಕ ಕಿರಣ್ ಲ್ಯಾಪ್‌ಟಾಪ್ ಹಿಡಿದು ಬಂದ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್, ಉತ್ಸಾಹದ ಮನುಷ್ಯ. ಆಸ್ಟಿನ್‌ನಲ್ಲಿ ಹಾಡಾಗಲಿಲ್ಲವೆಂಬ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಮೇಡಂ, ಸಮಸ್ಯೆನೇ ಇಲ್ಲ. ಒರಿಜಿನಲ್ ಹಾಡು ನನ್ನ ಹತ್ರ ಇದೆ. ಕೊನೆಗೆ ಪ್ಲೇ ಮಾಡ್ತೀವಿ, ನೀವು ಮೈಕ್ ಹಿಡಿದು ಲಿಪ್ ಸಿಂಕ್ ಮಾಡಿ ಸಾಕು. ಎಲ್ರೂ ಮಾಡ್ತಾರೆ. ಯಾರಿಗೂ ಗೊತ್ತಾಗಲ್ಲ."

ಸುಗುಣಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. "ನಂಗೆ ಗೊತ್ತಾಗುತ್ತಲ್ಲಪ್ಪಾ."

"ಜಸ್ಟ್ ನಾಲ್ಕು ನಿಮಿಷ ಮೇಡಂ..."

"ಏ ಕಿರಣ," ದೇಸಾಯಿ ಅಂಕಲ್ ಮೊಸರಿನ ಬಟ್ಟಲು ಮುಂದೆ ತಳ್ಳಿದರು. ಅವರ ಕಣ್ಣು ಸುಗುಣಾ ಅವರ ಕುತ್ತಿಗೆಯ ಮೇಲಿನ ಸಣ್ಣ ಗೆರೆಯನ್ನು ಯಾವಾಗಲೋ ಕಂಡಿತ್ತೆಂದು ನನಗೆ ಆಮೇಲೆ ಹೊಳೆಯಿತು. "ಅವ್ರು ಹಾಡಂಗಿಲ್ಲ, ಬಾಯೀನೂ ಆಡ್ಸಂಗಿಲ್ಲ. ಮಾತಾಡ್ತಾರ, ನಾವು ನಗ್ತೀವಿ. ಮುಗೀತು. ನೀ ಮೊದ್ಲ ಮೊಸರು ಹಾಕ್ಕೊ."

ಕಿರಣ್ ಮೊಸರು ಹಾಕಿಕೊಂಡ.

ಸಂಜೆ ಶೋ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ನನ್ನ ವಯಸ್ಸಿನ ಒಬ್ಬ ಹೆಂಗಸು ಬಂದು ಸುಗುಣಾ ಅವರ ಎರಡೂ ಕೈ ಹಿಡಿದುಕೊಂಡರು. "ಮೂರೂವರೆ ಗಂಟೆ ಡ್ರೈವ್ ಮಾಡ್ಕೊಂಡು ಬಂದ್ವಿ ಮೇಡಂ. ಮಾತು ಚೆನ್ನಾಗಿತ್ತು. ಆದ್ರೆ ಆ ಒಂದು ಹಾಡಿಗೇ ಬಂದಿದ್ದು. ಒಂದು ಸಾಲು ಹಾಡಿಬಿಡಬಹುದಿತ್ತು ನೀವು." ಒಳ್ಳೆಯ ಹೆಂಗಸೇ. ನಿಜವಾದ ಪ್ರೀತಿಯೇ. ಸುಗುಣಾ ನಗುತ್ತಲೇ ಅವರ ಜೊತೆ ಫೋಟೋ ತೆಗೆಸಿಕೊಂಡರು. ಕಾರಿಗೆ ಬಂದ ಮೇಲೆ ಸೀಟ್ ಬೆಲ್ಟ್ ಕೈಯಲ್ಲಿ ಹಿಡಿದು, ಹಾಕಿಕೊಳ್ಳದೆ, ಹಾಗೇ ಕೂತಿದ್ದರು. ಕಾರು ಕೀಂ ಕೀಂ ಅನ್ನುತ್ತಿತ್ತು.

ಸೋಮವಾರ ಹ್ಯೂಸ್ಟನ್‌ನಿಂದ ಡಾಲಸ್ ಕಡೆಗೆ. ಅರ್ಧ ದಾರಿಯಲ್ಲಿ ಕಾಫಿಗೆ ನಿಲ್ಲಿಸಿದೆ. ಅಲ್ಲಿ, ಗ್ಯಾಸ್ ಸ್ಟೇಷನ್ನಿನ ಪಾರ್ಕಿಂಗ್‌ನಲ್ಲಿ, ಫೋನಿನಲ್ಲಿದ್ದ ಫ್ಲೈಯರ್ ತೆಗೆದು ಅವರ ಮುಂದೆ ಹಿಡಿದೆ. ಇನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಇನ್ನೊಮ್ಮೆ ಓದಿದರು.

"ಯಾರು ಹಾಕಿದ್ದು?"

"ನಾನೇ."

"ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ಲಿಲ್ಲ ಮೇಡಂ."

"ಅದೇ ಬೇಜಾರು ನೋಡು." ಬೈದರೂ ಇಷ್ಟು ತಾಗುತ್ತಿರಲಿಲ್ಲ. (ಮೊದಲ ಸಲ ನನ್ನನ್ನು 'ನೀನು' ಅಂದದ್ದೂ ಆಗಲೇ.) ಕಾಫಿ ಕುಡಿದು ಮುಗಿಸಿ ಕಪ್ಪನ್ನು ಕಸದ ಡಬ್ಬಿಗೆ ಹಾಕಿ ಬಂದರು. "ತೆಗೆಸು ಅದನ್ನ. ಇವತ್ತೇ. ಜನ ಬರ್ದೇ ಇದ್ರೆ ಪರವಾಗಿಲ್ಲ. ತಪ್ಪು ತಿಳ್ಕೊಂಡು ಬರೋದು ಬೇಡ."

ಅಲ್ಲೇ ನಿಂತು ಬಳಗದ ಗ್ರೂಪಿನಲ್ಲಿ ಟೈಪ್ ಮಾಡಿದೆ: 'ಸುಗುಣಾ ಅವರು ಶನಿವಾರ ಹಾಡುವುದಿಲ್ಲ. ಫ್ಲೈಯರ್ ತಪ್ಪು. ಅವರನ್ನು ಕೇಳದೆ ಹಾಕಿದ್ದು ನಾನು. ಕ್ಷಮಿಸಿ. ಅವರ ಮಾತಿನ ಶೋ ಇದೆ, ದಯವಿಟ್ಟು ಬನ್ನಿ.' ಕಾರಣ ಬರೆಯಲಿಲ್ಲ. ಅದು ಅವರ ಸ್ವತ್ತು, ನನ್ನದಲ್ಲ. ಇಷ್ಟಾದರೂ ಕಲಿತಿದ್ದೆ.

ಉತ್ತರಗಳು ಕಾರು ಹೆದ್ದಾರಿ ಸೇರುವ ಮೊದಲೇ ಬರತೊಡಗಿದವು. ಅಧ್ಯಕ್ಷರು: 'ರೇಖಾ, ಕಾಲ್ ಮಿ.' ಲಿಟಲ್ ಎಲ್ಮ್‌ನವರೊಬ್ಬರು: 'ನಮ್ಮ ಆರು ಸೀಟ್ ಬೇರೆಯವರಿಗೆ ಕೊಡಿ.' ಇನ್ನೊಬ್ಬರು: 'ಹಾಡದಿದ್ದರೆ ಮತ್ತೇನು ಮಾಡುತ್ತಾರೆ?' ಅದನ್ನು ಬರೆದವರು ಸಿವಿಲ್ ಎಂಜಿನಿಯರಿಂಗ್ ಓದಿ, ಇಪ್ಪತ್ತು ವರ್ಷದಿಂದ ಬ್ಯಾಂಕಿಗೆ ಜಾವಾ ಕೋಡ್ ಬರೆಯುತ್ತಿರುವವರು. ಯಾವ ಗೃಹಪ್ರವೇಶದಲ್ಲೂ ಯಾರೂ ಅವರಿಗೆ 'ಒಂದು ಸೇತುವೆ ಕಟ್ಟಿ ಸಾರ್, ಚಿಕ್ಕದು ಸಾಕು' ಎಂದು ಕೂಗಿದ್ದು ನಾನು ಕೇಳಿಲ್ಲ.

ನಾವೆಲ್ಲ ಬದಲಾದವರೇ. ಊರು ಬದಲಾಯಿಸಿದೆವು, ಕಸುಬು ಬದಲಾಯಿಸಿದೆವು, ಕೆಲವರು ಹೆಸರಿನ ಸ್ಪೆಲ್ಲಿಂಗ್ ಕೂಡ. ನಮಗೆ ಅದು ಕೆರಿಯರ್ ಗ್ರೋತ್. ಹಾಡುವ ಹೆಂಗಸು ಮಾತಿಗೆ ಬದಲಾದರೆ ಮಾತ್ರ ಅದು ಮೋಸ. ಯಾವ ನ್ಯಾಯ?

ಅವತ್ತು ಸಂಜೆ ಊಟಕ್ಕೆ ಕೂತಾಗ ನನ್ನ ಮುಖ ನೋಡಿ ಮಗಳು ಮೇಘನಾ ಏನಾಯಿತೆಂದು ಕೇಳಿದಳು. ಹದಿನೈದು ವರ್ಷದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷ್. ಸೀರಿಯಲ್‌ನ ಸೋದರತ್ತೆಯ ತುಣುಕುಗಳನ್ನು ಫೋನಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿದ್ದಾಳೆ. ನಾನು ಹಾಡಿನ ಕತೆ ಹೇಳಿದೆ. ಅವಳು ಎತ್ತಿದ ಚಮಚ ಬಾಯಿಯ ಹತ್ತಿರವೇ ನಿಂತಿತು.

"ವೇಟ್. ಆಂಟಿ, ಯು ವರ್ ಎ ಸಿಂಗರ್ ಟೂ?"

ಟೂ! ಸುಗುಣಾ ನಗಲು ಶುರು ಮಾಡಿದರು ನೋಡಿ, ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು. "ಹೂಂ ಕಣಮ್ಮಾ. ಸ್ವಲ್ಪ ದಿನ ಅದನ್ನೂ ಮಾಡ್ತಿದ್ದೆ."

ಅಂದಿನಿಂದ ಅವರಿಬ್ಬರೂ ಒಂದು ಪಾರ್ಟಿ. ಮೇಘನಾ ಸ್ಕೂಲಿನಿಂದ ಬಂದವಳೇ ಬ್ಯಾಗ್ ಎಸೆದು ಅವರ ಪಕ್ಕ ಕೂರುತ್ತಿದ್ದಳು. ಅವಳು ಕ್ಲಾಸಿನ ಟೀಚರ್‌ಗಳು ಹೇಗೆ ನಡೆಯುತ್ತಾರೆ ತೋರಿಸುವುದು, ಇವರು ಅದನ್ನು ತಿದ್ದುವುದು. "ಭುಜ ಇನ್ನೂ ಕೆಳಗೆ. ಅವರಿಗೆ ಸುಸ್ತಾಗಿದೆ ಅಂತ ತೋರಿಸ್ಬೇಡ, ಸುಸ್ತು ಮುಚ್ಚಿಡ್ತಿದ್ದಾರೆ ಅಂತ ತೋರ್ಸು." ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಎಷ್ಟೋ ವರ್ಷ ಮಕ್ಕಳ ದನಿ ತಿದ್ದಿದ ಕಿವಿ ಅದು. ಈಗ ಭುಜ ತಿದ್ದುತ್ತಿತ್ತು. ವ್ಯತ್ಯಾಸವೇನೂ ಕಾಣಲಿಲ್ಲ.

ಗುರುವಾರ ಬೆಂಡೆಕಾಯಿ ಹೆಚ್ಚುತ್ತ ಸುಗುಣಾ ಹೇಳಿದರು. "ನಿನ್ನ ಮಗಳಿಗೆ ಆಪರೇಷನ್ ವಿಷ್ಯ ಹೇಳ್ದೆ."

ನನಗೆ ಭಯವಾಯಿತು. "ಏನಂದ್ಲು?"

"ಅಯ್ಯೋ ಪಾಪ ಅನ್ಲಿಲ್ಲ. ಸ್ವಲ್ಪ ಯೋಚ್ನೆ ಮಾಡಿ, 'ಸೋ ಯು ಗಾಟ್ ಫನ್ನಿ ಆಫ್ಟರ್ ದಟ್?' ಅಂತ ಕೇಳಿದ್ಲು. ಮೊದ್ಲಿಂದಾನೂ ಇದ್ದೆ ಕಣೇ, ಹಾಡಿನ ಗಲಾಟೆಯಲ್ಲಿ ಯಾರಿಗೂ ಕೇಳಿಸ್ತಿರ್ಲಿಲ್ಲ ಅಂದೆ." ಚಾಕು ಕೆಳಗಿಟ್ಟು, ತಮ್ಮ ಮಾತನ್ನು ತಾವೇ ಕೇಳಿಸಿಕೊಂಡವರ ಹಾಗೆ ಹೆಚ್ಚಿದ ಹೋಳುಗಳನ್ನು ನೋಡುತ್ತ ಕೂತರು.

ಇತ್ತ ಮೇಘನಾ ತನ್ನದೇ ಪ್ರಚಾರ ಶುರು ಮಾಡಿದ್ದಳು. ಸೋದರತ್ತೆಯ ತುಣುಕುಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಗೆಳತಿಯರಿಗೆಲ್ಲ ಕಳಿಸಿದಳು. ಖಾಲಿಯಾದ ಸೀಟುಗಳು ಒಂದೊಂದಾಗಿ ಮತ್ತೆ ತುಂಬಿದವು. ಕನ್ನಡ ಕಾರ್ಯಕ್ರಮಕ್ಕೆ ಅಪ್ಪ ಅಮ್ಮ ಮಕ್ಕಳನ್ನು ಎಳೆದುಕೊಂಡು ಬರುವುದನ್ನು ನೋಡಿದ್ದೇನೆ. ಮಕ್ಕಳೇ ಅಪ್ಪ ಅಮ್ಮನನ್ನು ಎಳೆದುಕೊಂಡು ಬಂದದ್ದನ್ನು ಕಂಡದ್ದು ಆ ಶನಿವಾರವೇ ಮೊದಲು.

ಸಂಜೆ ನಾಲ್ಕಕ್ಕೆ ಶೋ, ಶಾಲೆಯೊಂದರ ಆಡಿಟೋರಿಯಂನಲ್ಲಿ. ಉಪ್ಪಿಟ್ಟಿನ ಕತೆ ಬಂತು, ಕರೆಂಟಿನ ಕತೆ ಬಂತು. ಒಂದೂವರೆ ಗಂಟೆ ಕಳೆಯಿತು. ಯಾರೂ ಹಾಡು ಎಂದು ಕೂಗಲಿಲ್ಲ. ನನ್ನ ಸಂದೇಶ ಎಲ್ಲರೂ ಓದಿದ್ದರಲ್ಲ. ಸುಗುಣಾ ಮಾತು ನಿಲ್ಲಿಸಿ ಸಭೆಯನ್ನು ನೋಡಿದರು.

"ಏನ್ರಪ್ಪಾ, ಇಲ್ಲಿ ಯಾರೂ ಬಸ್ ಸ್ಟಾಂಡ್ ಹಾಡು ಕೇಳ್ತಾನೇ ಇಲ್ವಲ್ಲ? ನಿಮ್ಮ ರೇಖಾ ಬಾಯಿ ಮುಚ್ಚಿಸಿದ್ದಾಳೆ ಅಲ್ವಾ? ಎಲ್ಲಿದ್ದಾಳೆ ಅವಳು? ಎದ್ದು ನಿಲ್ಲಮ್ಮ."

ಮೂರನೇ ಸಾಲಿನಲ್ಲಿ ಎದ್ದು ನಿಂತೆ. ಮುಂದಿನ ಐದು ನಿಮಿಷ ನನ್ನ ಫ್ಲೈಯರ್, ನನ್ನ ದಪ್ಪ ಅಕ್ಷರ, ಗ್ಯಾಸ್ ಸ್ಟೇಷನ್ನಿನಲ್ಲಿ ನನ್ನ ಮುಖ, ಎಲ್ಲವೂ ವೇದಿಕೆಯ ಮೇಲೆ ಬಂದವು. ನನ್ನ ಹಾಗೆಯೇ ತಲೆ ಬಗ್ಗಿಸಿ, ನನ್ನ ಹಾಗೆಯೇ 'ಅನ್ನಿಸ್ಲಿಲ್ಲ ಮೇಡಂ' ಅಂದರು. ನನ್ನ ಗಂಡ ಕುರ್ಚಿಯಿಂದ ಬೀಳುವುದೊಂದು ಬಾಕಿ. (ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಮನುಷ್ಯ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿಲ್ಲ.)

ಆಮೇಲೆ, ಅದೇ ದನಿಯಲ್ಲಿ, ಆಪರೇಷನ್ ವಿಷಯ ಹೇಳಿದರು. ಮೂರು ವಾಕ್ಯ. ಗಂಟು ಇತ್ತು, ತೆಗೆದರು, ಮೇಲಿನ ಸ್ವರ ಅದರ ಜೊತೆ ಹೋಯಿತು.

ಹಾಲ್ ಸ್ತಬ್ಧವಾಯಿತು. ಅವರು ಅಷ್ಟು ವರ್ಷ ಹೆದರಿಕೊಂಡಿದ್ದ ಮೌನ ಇದೇ ಇರಬೇಕು.

"ಅಯ್ಯೋ ಪಾಪ ಅನ್ನೋರು ದಯವಿಟ್ಟು ಹೊರಗೆ ಹೋಗಿ ಒಂದು ಟೀ ಕುಡಿದು ಬನ್ನಿ. ಉಳಿದವರಿಗೆ ಇಲ್ಲಿ ಕೆಲಸ ಇದೆ. ಫ್ಲೈಯರ್‌ನಲ್ಲಿ ಹಾಡು ಲೈವ್ ಅಂತ ಇತ್ತು. ಯಾರು ಹಾಡ್ತಾರೆ ಅಂತ ಇತ್ತಾ? ಹಾಡಿ. ನಾನು ಜಡ್ಜ್."

ಎಡಗಡೆಯಿಂದ ಯಾರೋ ಸಣ್ಣಗೆ ಎತ್ತಿಕೊಂಡರು. ಎರಡನೇ ಸಾಲಿಗೆ ಅರ್ಧ ಹಾಲ್ ಸೇರಿತು. ಪದ ಮರೆತವರು ಗುನುಗಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಸುಗುಣಾ ವೇದಿಕೆಯ ಅಂಚಿಗೆ ಬಂದು ಕೈಯಲ್ಲಿ ತಾಳ ಹಾಕುತ್ತ ಮಧ್ಯೆ ಮಧ್ಯೆ ತೀರ್ಪು ಕೊಡುತ್ತಿದ್ದರು. "ಗಂಡಸರ ಸಾಲು, ಶ್ರುತಿ ಕಾರ್ ಪಾರ್ಕಿಂಗ್‌ನಲ್ಲೇ ಬಿಟ್ಟು ಬಂದ್ರಾ? ... ನೀಲಿ ಸೀರೆಯವರು ಪಾಸ್! ... ಆ ಕೊನೆಯ ಸಾಲು, ಬಾಯಿ ಆಡಿಸಿದ್ರೆ ನಂಗೆ ಗೊತ್ತಾಗುತ್ತೆ."

ಚರಣ ಬಂತು. ಮೆಟ್ಟಿಲು ಬಂತು. ಒಂದು, ಎರಡು, ಮೂರು ಏರಿದೆವು. ಆ ಕೊನೆಯ ಮೆಟ್ಟಿಲಿಗೆ ಕಾಲಿಟ್ಟೆವು ನೋಡಿ, ಇಡೀ ಹಾಲ್ ಒಟ್ಟಿಗೆ ಮುಗ್ಗರಿಸಿತು. ಒಬ್ಬರ ದನಿ ಕೀರಲಾಯಿತು, ಒಬ್ಬರದು ಕೆಮ್ಮಾಯಿತು, ನನ್ನದು ಗಾಳಿಯಾಯಿತು.

ಸುಗುಣಾ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನೋಡಿ, ನಿಮಗ್ಯಾರಿಗೂ ಆಪರೇಷನ್ ಆಗಿಲ್ಲ. ಆದ್ರೂ ಬರ್ಲಿಲ್ಲ!"

ಆ ನಗು! ಹಾಗೆ ನಕ್ಕದ್ದನ್ನು ನಾನು ಈ ಊರಿನಲ್ಲಿ ಕೇಳಿಲ್ಲ. ಕಣ್ಣೊರೆಸಿಕೊಂಡು ನಗುವವರು, ಪಕ್ಕದವರ ಭುಜಕ್ಕೆ ಒರಗಿ ನಗುವವರು. ಅಯ್ಯೋ ಪಾಪ ಅನ್ನಲು ಯಾರಿಗೂ ಉಸಿರೇ ಉಳಿದಿರಲಿಲ್ಲ. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಹಾಡಿದೆವು, ಇನ್ನೊಮ್ಮೆ ಬಿದ್ದೆವು. ಮೂರನೇ ಸಲ ನಾನು ಹಾಡುವುದು ಬಿಟ್ಟು ಅವರನ್ನೇ ನೋಡಿದೆ. ಮೈಕ್ ಕೆಳಗಿಳಿಸಿದ್ದರು. ತಗ್ಗಿನ ಆ ಒಡಕು ದನಿಯಲ್ಲಿ, ನಮ್ಮೆಲ್ಲರ ಗದ್ದಲದ ಅಡಿಯಲ್ಲಿ, ತಮ್ಮ ಪಾಡಿಗೆ ತಾವು ಹಾಡಿಕೊಳ್ಳುತ್ತಿದ್ದರು. ಕೇಳಿಸಿದ್ದು ಮೊದಲ ಎರಡು ಮೂರು ಸಾಲಿನವರಿಗೆ ಮಾತ್ರ ಇರಬೇಕು. ನಾವ್ಯಾರೂ ತಿರುಗಿ ಅದರ ಬಗ್ಗೆ ಮಾತಾಡಲಿಲ್ಲ.

ಭಾನುವಾರ ವಿಮಾನ ನಿಲ್ದಾಣಕ್ಕೆ ಬಿಡಲು ಹೋದೆ. 'ಮೇಡಂ' ಹೋಗಿ 'ಅಕ್ಕಾ' ಆಗಿತ್ತು. ಮೇಘನಾ ಅಪ್ಪಿಕೊಂಡು, "ಮತ್ತೆ ಬನ್ನಿ ಆಂಟಿ" ಎಂದು ಕನ್ನಡದಲ್ಲಿ ಹೇಳಿದಳು. ಲಗೇಜ್ ತೂಗಿಸುವ ಸಾಲಿನಲ್ಲಿ ನಿಂತಾಗ ಕೇಳಿದೆ.

"ಮುಂದೇನಕ್ಕಾ? ಇದೇ ಶೋ ಬೇರೆ ಕಡೆ?"

"ಇಲ್ಲಮ್ಮ, ಶೋ ಸಾಕು. ಒಂದು ನಾಟಕ ತಂಡದವರು ಕರೆದಿದ್ದಾರೆ. ಮಗನ್ನ ಕಳ್ಕೊಂಡ ತಾಯಿ ಪಾತ್ರ. ಶುರುವಿಂದ ಕೊನೇವರೆಗೂ ಗಂಭೀರ. ಒಂದು ತಮಾಷೆ ಮಾತೂ ಇಲ್ಲ. ಈಗ್ಲೇ ಭಯ ಆಗ್ತಿದೆ ನಂಗೆ." ಹೇಳುವಾಗ ಅವರ ಮುಖ ಆರ್ಕೆಸ್ಟ್ರಾಕ್ಕೆ ಮೊದಲ ಸಲ ಹೊರಟ ಹುಡುಗಿಯದಾಗಿತ್ತು.

"ಅಯ್ಯೋ ಅಕ್ಕಾ, ಒಂದು ಚೂರೂ ನಗಿಸಲ್ವಾ?" ಎಂದು ಮೊದಲು ಕೇಳಿದವರು ಯಾರೆಂದುಕೊಂಡಿರಿ? ನಾನೇ.